ಮನೆಗೆ ಹೋಗಿ ಕರೆದ ಮೇಲೆ

ಬಾರದವರ ದಾರಿ ಕಾಯುವುದಕ್ಕೆ ಸಂಬಳ ಸಿಗುವ ಅಪರೂಪದ ನೌಕರಿ ನನ್ನದು. ಅಥಣಿಯಲ್ಲಿ ಕುಡಿತ, ತಂಬಾಕು ಬಿಡಿಸುವ ಕೇಂದ್ರವೊಂದರಲ್ಲಿ ನಾನು ಸಮಾಲೋಚಕ. ಮಂಗಳವಾರ ಹತ್ತು ಗಂಟೆಗೆ ಬನ್ನಿ ಎಂದು ಚೀಟಿ ಬರೆದುಕೊಟ್ಟರೆ ಬರುವವರು ಚೀಟಿ ಕಳೆದುಕೊಂಡವರು ಮಾತ್ರ, ಅದೂ ಬುಧವಾರ. ವಾಟ್ಸಾಪಿನಲ್ಲಿ ನೆನಪಿಸಿದರೆ ಗುಲಾಬಿ ಹೂವಿನ ಜೊತೆ 'ಶುಭೋದಯ' ಬರುತ್ತದೆ, ಮನುಷ್ಯ ಬರುವುದಿಲ್ಲ.

ಹತ್ತಿರದ ಸತ್ತಿ ಊರಿನ ಅಣ್ಣಾಸಾಹೇಬ ಕಾಕಾ ಎರಡು ವಾರ ಬಂದು, ಕುಡಿತ ಬಿಟ್ಟು, ಆಮೇಲೆ ಕೇಂದ್ರವನ್ನೇ ಬಿಟ್ಟರು. ಅವರ ಹೆಂಡತಿ ಶಾಂತವ್ವ ಫೋನ್ ಮಾಡಿದರು. "ಮತ್ತ ಚಾಲೂ ಮಾಡ್ಯಾರ್ರಿ. ಕೈ ನಡಗತಾವ, ಊಟ ಸೇರವಲ್ದು." ನನಗೆ ನಿಜವಾಗಿ ಹೆದರಿಕೆಯಾಯಿತು. ಎಷ್ಟು ಸಲ ಫೋನ್ ಮಾಡಿದರೂ ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಫೋನಿನ್ಯಾಗ ಕರದ್ರ ಕರದಂಗ ಏನ್ರಿ? ಮನಿಗೆ ಬಂದು ಕರದಿಲ್ಲಂತ ಸ್ವಂತ ತಂಗಿ ಮಗನ ಲಗ್ನಕ್ಕ ಹೋಗಿಲ್ಲ ಇವರು."

ನಾನು ಓದಿದ ಪುಸ್ತಕಗಳಲ್ಲಿ ಈ ಪಾಠ ಇರಲಿಲ್ಲ. ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸತ್ತಿಗೆ ಹೊರಟೆ. "ನಮ್ಮ ಅಣ್ಣನ ಮನಿ ವಾಸ್ತುಶಾಂತಿಗೆ ಕರದ್ರ ನಿಮಗ ಸೊಂಟನೋವು ಇತ್ತು" ಎಂದು ಆಕೆ ದಾರಿಯುದ್ದಕ್ಕೂ ನೆನಪಿಸಿದಳು. ಅಲ್ಲಿ ಶಾಂತವ್ವನಿಗೆ ಕುಂಕುಮ ಹಚ್ಚಿದಳು. ನಾನು ಕಾಕಾನ ನಡುಗುವ ಅಂಗೈಯಲ್ಲಿ, ಲಗ್ನಕ್ಕೆ ಕರೆಯುವವರಂತೆ, ಅಕ್ಷತೆ ಇಟ್ಟು, "ಮಂಗಳವಾರ ಮನಿಮಂದಿ ಕೂಡಿ ಬರಬೇಕ್ರಿ" ಎಂದೆ. ಕಾಕಾ ಆ ಕಾಳುಗಳನ್ನು ಕಣ್ಣಿಗೊತ್ತಿಕೊಂಡು, "ಇನ್ನ ಬರದ ಇರಾಕ ಬರೂದಿಲ್ಲ ಬಿಡ್ರಿ" ಎಂದರು.

ಮಂಗಳವಾರ ಒಂಬತ್ತೂವರೆಗೇ ಬಂದರು, ತಲೆಗೆ ಪಟಗಾ ಸುತ್ತಿಕೊಂಡು, ಏಳು ಮಂದಿಯನ್ನು ಕರೆದುಕೊಂಡು, ಕೇಂದ್ರದ ಡಾಕ್ಟರಿಗೆ ಟವೆಲ್ಲು ಟೊಪ್ಪಿಗೆಯ ಆಯೇರಿ ಉಡುಗೊರೆಯನ್ನೂ ತಂದು. ಡಾಕ್ಟರು ನನ್ನನ್ನು ಬದಿಗೆ ಕರೆದು, ಮದುವೆ ಯಾರದು ಎಂದು ಕೇಳಿದರು. ಏನೇ ಇರಲಿ, ನನಗೆ ಕಣ್ಣು ತುಂಬಿ ಬಂತು. ಅಂದಿನಿಂದ ಕಾಕಾ ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ, ಈಗ ಕೈಯೂ ನಡುಗುವುದಿಲ್ಲ.

ಕಳೆದ ಭಾನುವಾರ ಕಾಕಾ, ಶಾಂತವ್ವ ಇಬ್ಬರೂ ನಮ್ಮ ಮನೆಗೆ ಬಂದರು. ನನ್ನ ಕೈಗೂ ಅಕ್ಷತೆ ಬಿತ್ತು. "ಮಗಳ ಲಗ್ನ ಏನ್ರಿ ಕಾಕಾ?" ಎಂದೆ.

"ಅಲ್ರಿ ಸರ್. ನನಗ ಬುದ್ಧಿ ಹೇಳುವಾಗ ನಿಮ್ಮ ಗಲ್ಲದಾಗ ತಂಬಾಕ ಇರತೈತಿ, ನೋಡೇನಿ. ಮಂಗಳವಾರ ನೀವೂ ನನ್ನ ಬಾಜೂಕ ಕುಂಡ್ರಬೇಕು."

ನನ್ನ ಹೆಂಡತಿಯ ಮುಖ ಹಬ್ಬದಂತಾಗಿತ್ತು. "ಬರತಿದ್ನಿ ಕಾಕಾ, ಖರೇ, ಮಂಗಳವಾರ ಚಿಕ್ಕೋಡ್ಯಾಗ ಮೀಟಿಂಗ್ ಐತಿ" ಎಂದೆ. ಅಂಥ ಮೀಟಿಂಗ್ ಯಾವುದೂ ಇರಲಿಲ್ಲ. ಅದು ಕಾಕಾನಿಗೂ ತಿಳಿದಿರಬೇಕು. ಏಳುವ ಬದಲು ಪಟಗಾ ತೆಗೆದು ಬದಿಗಿಟ್ಟು, ಇನ್ನೊಂದು ಕಪ್ ಚಹಾ ಕೇಳಿದರು.