ಬೊಗಳದ ಜಾತಿ

ಬರ್ರಿ, ಕುಂದರ್ರಿ. ಗ್ವಾಡಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಆರಾಮ ಕುಂದರ್ರಿ. ಆ ನಾಯಿಗೆ ಅಂಜಬ್ಯಾಡ್ರಿ, ಬೊಗಳತೈತಿ ಅಷ್ಟ. ಅದು ಬೊಗಳೂದು ಹೆಂಗ ಕಲೀತು ಅನ್ನೂದ ಇವತ್ತಿನ ಮಾತು. ನಾಯಿ ಸಾಕಿದಲ್ಲಿ ನಗಿ ಪ್ರಸಂಗ ಒಂದರ ಹಿಂದ ಒಂದು ಆಗತಾವ. ನಮ್ಮಲ್ಲೂ ಆದವು. ಆದಾಗ ಮಾತ್ರ ನಾವ್ಯಾರೂ ನಕ್ಕಿರಲಿಲ್ಲ. ಈಗ ನೀವು ನಗ್ರಿ, ನಂದೇನೂ ಅಡ್ಡಿ ಇಲ್ಲ.

ಇಟ್ಟಂಗಿ ಮ್ಯಾಲಿನ ಬೆಕ್ಕು

ನನ್ನ ಮಗಳ ಮಗಳಿಗೆ ಅಣ್ಣಿಗೇರಿಯಾಗ ನರ್ಸಿಂಗ್ ಓದಾಕ ಸೀಟು ಸಿಕ್ಕಿತು. ಅಳಿಯ ಒಂದು ಕರಾರು ಹಾಕಿದ. "ಅತ್ತಿ, ನೀವು ಜೋಡಿ ಇದ್ದು ಅಡಗಿ ಮಾಡಿ ಹಾಕೂದಿದ್ರ ಓದಲಿ. ಆ ಕಡಿಂದ ಒಂದ ಒಂದು ಕೆಟ್ಟ ಸುದ್ದಿ ಬಂತಂದ್ರ ಮರುದಿನಾನ ಕರಕೊಂಡು ಬರತೀನ್ರಿ. ಹುಡುಗ ತಯಾರ ಅದಾನ."

"ಯಾರಪಾ ಹುಡುಗ? ಏನು ಮಾಡತಾನ?" ಅಂತ ಕೇಳಿದೆ.

"ತಯಾರ ಅದಾನ್ರಿ" ಅಂದ. ಅದಕ್ಕಿಂತ ಹೆಚ್ಚಿಂದು ಅವಂಗೂ ಗೊತ್ತಿರಲಿಲ್ಲ.

ನಾವು ಇದ್ದದ್ದು ಓದೂ ಹುಡುಗ್ಯಾರಿಗಂತ ಕಟ್ಟಿಸಿದ ಖೋಲಿ ಸಾಲಿನಾಗ. ಆರು ಖೋಲಿ, ಹಿಂದ ಒಂದು ಬಚ್ಚಲ, ಮುಂದ ಮಾಲಕನ ಮನಿ. ನಮ್ಮ ಖೋಲಿಯಾಗ ನಾನು, ಮೊಮ್ಮಗಳು, ಆಕಿ ಜೋಡಿ ಓದೂ ಯರಗುಪ್ಪಿ ಊರಿನ ಹುಡುಗಿ. ಮಾಲಕಂದೂ ಒಂದು ಕರಾರು ಇತ್ತು, ಗದ್ದಲ ಆಗಬಾರದು. "ನಮ್ಮವ್ವಗ ಎದಿಬ್ಯಾನಿ ರಿ. ಸಪ್ಪಳ ಆತಂದ್ರ ಜೀವ ಹೋಗತೈತಿ" ಅಂದಿದ್ದ. ಪಾಪ, ಆರೂ ಖೋಲಿ ಹುಡುಗ್ಯಾರು ಪಿಸುಮಾತಿನಾಗ ಜಗಳಾ ಆಡೂದು ಕಲತಿದ್ರು.

ಎರಡನೇ ತಿಂಗಳಿಗೆ ಬಚ್ಚಲದ ಕಿಂಡಿಯಾಗ ಎರಡು ಕಣ್ಣು ಕಂಡವು. ಯರಗುಪ್ಪಿ ಹುಡುಗಿ ಸಾಬೂನು ಮೈಮ್ಯಾಲ ಅರವಿ ಸುತಗೊಂಡು ಓಡಿ ಬಂದಳು. ಹೊರಗ ಹೋಗಿ ನೋಡಿದ್ರ ಕಿಂಡಿ ಕೆಳಗ ಇಟ್ಟಂಗಿ, ಒಂದರ ಮ್ಯಾಲೊಂದು ಚಂದಂಗ ಒಟ್ಟಿದ್ದು. ಕಿಂಡಿಗೆ ಹಳೇ ಸೀರಿ ತುರುಕಿದ್ವಿ. ಮರುದಿನ ಸೀರಿ ನೆಲದ ಮ್ಯಾಲ ಬಿದ್ದಿತ್ತು.

ಮಾಲಕಂಗ ಹೇಳಿದ್ರ, "ಬೆಕ್ಕು ಇರಬೇಕ್ರಿ" ಅಂದ.

"ಇಟ್ಟಂಗಿ ಒಟ್ಟಿ ಅದರ ಮ್ಯಾಲ ನಿಂದರೂ ಬೆಕ್ಕನ್ನ ಈ ವಯಸ್ಸಿನ ತನಕಾ ನಾ ಕಂಡಿಲ್ರಿ" ಅಂದೆ.

ಊರಿಗೆ ಫೋನ್ ಮಾಡೂಣು ಅಂದ್ರ ಎರಡೂ ಹುಡುಗ್ಯಾರು ನನ್ನ ಬಾಯಿ ಮುಚ್ಚಿದ್ರು. ಸುದ್ದಿ ಹೋತಂದ್ರ ಓದು ಮುಗದಂಗ. ಯರಗುಪ್ಪಿ ಹುಡುಗಿ ಅಪ್ಪಂದೂ ನನ್ನ ಅಳಿಯನ ಕರಾರ. ಹಂಗಾಗಿ ನಾಯಿ ಸಾಕೂಣು ಅಂತ ನಿಕ್ಕಿ ಆತು. ಆರೂ ಖೋಲಿಯಾವ್ರು ಹೋಗಿ ಬಾಗಲಾಗ ನಿಂತಾಗ ಮಾಲಕಂಗ ಒಲ್ಲೆ ಅನ್ನಾಕ ಆಗಲಿಲ್ಲ. "ಇಟಗೋರ್ರಿ. ಆದ್ರ ಬೊಗಳಬಾರದು. ಒಂದ ಸಲ ಬೊಗಳಿದ್ರೂ ಖೋಲಿ ಖಾಲಿ ಮಾಡ್ರಿ" ಅಂದ.

ಕಾಯಾಕ ನಾಯಿ ಬೇಕು, ಬಾಯಿ ಇರಬಾರದು. ಅಂಥಾದ್ದನ್ನ ಹುಡುಕಾಕ ಹೊಂಟ್ವಿ.

ಹಾಡೂ ನಾಯಿ, ಸೀಟಿ ನಾಯಿ

ಮೊಮ್ಮಗಳು ಫೋನಿನಾಗ ಕೇಳಿದಳು. ಬೊಗಳದ ಜಾತಿ ಒಂದು ಐತಂತ, ಆಫ್ರಿಕಾದಾಗ. "ಆಯಿ, ಅದು ಬೊಗಳೂದಿಲ್ಲ. ಹಾಡಿದಂಗ ದನಿ ತಗೀತೈತಂತ."

"ಬ್ಯಾಡವಾ. ಹಾಡಾಕ ಓಣ್ಯಾಗ ಭಜನಿ ಮಂದಿ ಅದಾರ" ಅಂದೆ.

ಆಮ್ಯಾಲ ಕಲಘಟಗಿಯಾಗಿನ ಒಬ್ಬ ಟೀಚರ್ ಬಾಯಾರು ಬಿಳೇ ಜೂಲ ನಾಯಿ ಒಂದನ್ನ ಕೊಟ್ರು. "ಭಾಳ ಸಂಭಾವಿತ ರಿ ಇದು, ತೊಟ್ಟಿಲದಾಗ ಹಾಕಿ ತೂಗಿದ್ರ ಮಕ್ಕೊಳ್ಳತೈತಿ" ಅಂದ್ರು. ತಂದ ದಿನ ಅದರ ಸಂಭಾವಿತತನ ನೋಡಿ ನಮಗ ಖುಷಿನ ಖುಷಿ. ಮರುದಿನ ನಾನು ಬ್ಯಾಳಿ ಕುದಿಯಾಕ ಇಟ್ಟೆ. ಕುಕ್ಕರ್ ಒಂದು ಸೀಟಿ ಹೊಡೀತು, ನಾಯಿ ಒಂದು ಸಲ ಬೊಗಳಿತು. ಎರಡನೇ ಸೀಟಿಗೆ ಎರಡನೇದು. ಮೊಮ್ಮಗಳು ಗ್ಯಾಸ್ ಆರಿಸಾಕ ಓಡಿದಳು, ಅಷ್ಟರಾಗ ಮೂರನೇದು.

ಮಾಲಕ ಬಾಗಲಕ್ಕ ಬಂದ. "ಏನ್ರಿ ಅದು?"

"ಬ್ಯಾಳಿ ಬೆಂದೈತ್ರಿ, ಅದನ್ನ ಹೇಳಾಕತ್ತೈತಿ" ಅಂದೆ.

ಸಂಜಿಮುಂದ ಕಲಘಟಗಿ ಬಸ್ಸಿಗೆ ಅದನ್ನ ವಾಪಸ್ ಕಳಿಸಿದ್ವಿ. ಆಮ್ಯಾಲ ಒಂದು ವಾರ ಬ್ಯಾಳಿ ಬೆಂದದ್ದು ನನಗ ಗೊತ್ತಾಗಲಿಲ್ಲ.

ಎಲುಬು ಎಣಿಸಿ ತಂದದ್ದು

ಮುಧೋಳ ನಾಯಿ ಸುಮ್ಮ ಸುಮ್ಮನ ಬೊಗಳೂದಿಲ್ಲ ಅಂತ ನನಗ ಮೊದಲಿಂದ ಗೊತ್ತಿತ್ತು. ಕುರಬರ ಓಣ್ಯಾಗ ಬೆಳದಾಕಿ ನಾನು. ಸಂತ್ಯಾಗ ಒಬ್ಬ ಅಂಥಾ ನಾಯಿ ಒಂದನ್ನ ಹಗ್ಗಕ್ಕ ಕಟಗೊಂಡು ನಿಂತಿದ್ದ. ತೆಳ್ಳಗ, ಉದ್ದಕ ಕಾಲು, ಹೊಟ್ಟಿ ಬೆನ್ನಿಗೆ ಹತ್ತಿತ್ತು.

"ಅಸಲಿ ಮುಧೋಳ ಏನಪಾ ಇದು?"

"ಎಲುಬು ಎಣಸ್ರೀ ಆಯಿ. ಒಂದ ಕಮ್ಮಿ ಆದ್ರ ತರುಬ್ರಿ ನನ್ನ."

ಎಣಿಸಿದ್ವಿ. ಎಲ್ಲಾ ಇದ್ದವು. ಕರಕೊಂಡು ಬಂದ್ವಿ.

ಅದರ ಸುದ್ದಿ ಹೇಳಾಕ ಹೋದಾಗ ಮಾಲಕ ಮೊದಲ ಕೇಳಿದ್ದು, "ಯಾವ ಜಾತಿ ರಿ?"

ನನಗ ಸಿಟ್ಟು ನೆತ್ತಿಗೇರಿತು. "ಖೋಲಿ ಕೊಡೂವಾಗ ಕೇಳಿದ್ರಿ, ಹೇಳೇನಿ. ಈಗ ಮತ್ಯಾಕ್ರಿ?"

"ನಿಮ್ಮದಲ್ರಿ, ನಾಯೀದು."

"ನಾವು ತಿನ್ನೂ ರೊಟ್ಟಿನ ತಿಂತೈತಿ. ನಮ್ಮ ಜಾತಿನ ಅಂತ ಬರಕೋರ್ರಿ" ಅಂದು ಬಂದೆ.

ರೊಟ್ಟಿ ತಿಂದು ತಿಂದು ತಿಂಗಳದಾಗ ಅದು ದುಂಡಗ ಆತು. ಬಾಲ ಮ್ಯಾಲೆದ್ದು ಸುರಳಿ ಸುತಗೊಂಡಿತು. ಅಗದಿ ನಮ್ಮ ಬಸ್ ಸ್ಟ್ಯಾಂಡಿನ ನಾಯಿ! ಅಂವ ಮಾರಿದ್ದು ಮುಧೋಳ ಅಲ್ಲ, ಉಪಾಸ. ಆದ್ರ ಒಂದು ಮಾತು, ಅದು ಬೊಗಳತಿರಲಿಲ್ಲ. ಕುಕ್ಕರಿಗೂ ಇಲ್ಲ, ಬೆಕ್ಕಿಗೂ ಇಲ್ಲ, ರೈಲಿಗೂ ಇಲ್ಲ. ಸೂಜಿ ಹಾಕಸಾಕ ದನದ ಡಾಕ್ಟರ್ ಹಂತ್ಯಾಕ ಒಯ್ದಾಗ, "ಹಿಂತಾ ಜಾಣ ನಾಯಿ ಯಾವ ಜಾತೀದು ರಿ?" ಅಂತ ಕೇಳಿದೆ.

ಡಾಕ್ಟರ್ ಅದರ ಕೊರಳಾಗಿನ ಕೂದಲ ಸರಿಸಿ ತೋರಿಸಿದ್ರು. ತಂತಿ ಬಿಗಿದ ಗಾಯದ ಬರಿ ಸುತ್ತೂ ಇತ್ತು. "ಜಾತಿ ಗೀತಿ ಏನಿಲ್ಲಮ್ಮಾ. ಬೊಗಳಿದಾಗೆಲ್ಲಾ ಹೊಡತ ತಿಂದೈತಿ. ಬಿಟ್ಟೈತಿ."

ಯರಗುಪ್ಪಿ ಹುಡುಗಿ ಅದರ ಕೊರಳು ಸವರಿದಳು. "ಹಂಗಾದ್ರ ಇದು ಖರೆನ ನಮ್ಮ ಜಾತಿನ ಬಿಡ್ರಿ ಆಯಿ" ಅಂದಳು. ಡಾಕ್ಟರ್ ನಕ್ರು. ಆಕಿ ನಗಲಿಲ್ಲ.

ಎದಿಬ್ಯಾನಿ

ನಾಯಿ ಬಂದ ಮ್ಯಾಲ ಮಾಲಕನ ಅವ್ವನ ಒಂದು ಮಾತು ಕೇಳಿ ಬರೂಣು ಅಂತ ಹೋದೆ. ಅಂವ ಮನಿಯಾಗ ಇರಲಿಲ್ಲ. ಮುದುಕಿ ಪಡಸಾಲ್ಯಾಗ ಬತ್ತಿ ಹೊಸಕೋತ ಕುಂತಿದ್ದಳು.

"ನಾಯಿ ತಂದೀವ್ರಿ ಯವ್ವಾ. ನಿಮಗ ತ್ರಾಸ ಆಗೂದಿಲ್ಲಲ್ರಿ?"

"ಆತವಾ ಊಟ. ಜ್ವಾಳದ ನುಚ್ಚು ಮಾಡಿದ್ದೆ."

ಇನ್ನೊಂದ ಸಲ ಕೂಗಿ ಹೇಳಿದೆ. "ಅಂವ ಹೊಲಕ್ಕ ಹೋಗ್ಯಾನ" ಅಂದಳು. ಅಷ್ಟರಾಗ ಒಳಗ ತಾಮ್ರದ ಕೊಡಾ ಒಂದು ಕಟ್ಟಿ ಮ್ಯಾಲಿಂದ ಉರುಳಿ ಬಿತ್ತು. ನನ್ನ ಎದಿ ಧಸಕ್ಕಂತು. ಮುದುಕಿ ಬತ್ತಿ ಹೊಸಿಯೂದು ನಿಂದರಲಿಲ್ಲ.

ಆಕಿಗೆ ಎರಡೂ ಕಿವಿ ಕೇಳಸೂದಿಲ್ಲ. ಮಗಾ ಯಾರ ಸಲುವಾಗಿ ಸಪ್ಪಳ ಬ್ಯಾಡ ಅಂತಾನ ಅಂತ ವಿಚಾರ ಮಾಡಕೋತ ಖೋಲಿಗೆ ಬಂದೆ. ಅವತ್ತಿನಿಂದ ನಾಯೀನ್ನ ಮುಂದಿನ ಬಾಗಲಾಗ ಕಟ್ಟೂದು ಬಿಟ್ಟು ಬಚ್ಚಲದ ಹಿಂದ ಬಿಟ್ಟೆ.

ಹಚಾ

ನನ್ನ ಮಣಕಾಲಿಗೆ ಬಿಸಿನೀರು ಬೇಕು. ಅದಕ್ಕ ಹುಡುಗ್ಯಾರು ಏಳೂದರಾಗ ನನ್ನ ಜಳಕ ಮುಗದಿರತೈತಿ. ಅವತ್ತು ಬೆಳಕ ಹರಿಯೂ ಹೊತ್ತಿಗೆ ಎರಡು ತಂಬಿಗಿ ಸುರಕೊಂಡಿದ್ದೆ, ಹೊರಗ ಯಾರೋ ಪಿಸುದನ್ಯಾಗ "ಹಚಾ... ಹಚಾ..." ಅಂದಂಗಾತು.

ಸೀರಿ ಸುತಗೊಂಡು ಹಿಂದಕ್ಕ ಹೋದೆ. ಇಟ್ಟಂಗಿ ಮ್ಯಾಲ ಮಾಲಕ ನಿಂತಾನ. ನಮ್ಮ ಮುಧೋಳ ಅವನ ಲುಂಗಿ ಬಾಯಾಗ ಹಿಡಕೊಂಡು ನಿಂತೈತಿ. ಅದು ಬೊಗಳೂದಿಲ್ಲ, ಅಂವ ಚೀರೂಹಂಗಿಲ್ಲ. ಇಬ್ಬರೂ ಕರಾರಿನಂಗ ಸುಮ್ಮನ ನಿಂತಾರ.

"ಆಯಿ, ನಾಯಿ ಬಿಡಸ್ರಿ" ಅಂತ ಪಿಸುಗುಟ್ಟಿದ.

"ಏನಂದ್ರಿ? ಕೇಳಸವಲ್ತು. ಜೋರಾಗಿ ಹೇಳ್ರಿ."

"ಅವ್ವಗ ಎಚ್ಚರಾಕ್ಕೈತ್ರಿ..."

"ನಿಮ್ಮವ್ವನ ಕಿವಿಯಾಗ ಡೊಳ್ಳು ಬಾರಿಸಿದ್ರೂ ಎಚ್ಚರಾಗೂದಿಲ್ರಿ. ಇಲ್ಲಿ ಏನು ಮಾಡಾಕತ್ತೀರಿ?"

"ನೀರಿನ ಪೈಪ್ ನೋಡಾಕ ಬಂದಿದ್ನಿ."

"ಕಂಡಿತೇನ್ರಿ ಪೈಪ್? ಎಪ್ಪತ್ತು ವರ್ಷದ್ದು, ತುಕ್ಕು ಹಿಡದೈತಿ" ಅಂದೆ. ಅಂದು, ಎಷ್ಟೋ ತಿಂಗಳಿಂದ ಪಿಸುಗುಟ್ಟಿದ್ದ ಗಂಟಲಾ ಬಿಚ್ಚಿ ಚೀರಿದೆ. "ಬರ್ರೇ ಎಲ್ಲಾರೂ! ಬೆಕ್ಕು ಸಿಕ್ಕೈತಿ!"

ನನ್ನ ದನಿ ಕೇಳಿ ನಾಯಿಗೆ ಏನನಸ್ತೋ. ಬಾಯಿ ತಗದು ಬೊಗಳಿತು. ನಮ್ಮಲ್ಲಿ ಬಂದ ಮ್ಯಾಲ ಮೊದಲನೇ ಸಲ. ಹೊಡತ ಬೀಳತೈತೇನೋ ಅಂತ ಒಂದ ಸಲ ನನ್ನ ಮಾರಿ ನೋಡಿತು. ಬೀಳಲಿಲ್ಲ. ಮತ್ತ ನಿಂದರಸಲಿಲ್ಲ. ಅದು ಬಾಯಿ ತಗದದ್ದ ತಡಾ ಮಾಲಕ ಇಟ್ಟಂಗಿ ಮ್ಯಾಲಿಂದ ಹಾರಿ ಓಡಿದ. ಲುಂಗಿ ಕಳಚಿ ಅಲ್ಲೇ ಉಳೀತು.

ಯಾರು ಏನಾದ್ರು

ಓಣಿ ಹಿರ್ಯಾರು ಕೂಡಿದ್ರು. "ದೊಡ್ಡದು ಮಾಡಬ್ಯಾಡ್ರಿ ಆಯಿ, ಹುಡುಗ್ಯಾರ ಹೆಸರು ಕೆಡತೈತಿ" ಅಂದ್ರು. ಸ್ಟೇಷನ್ನಿಗೆ ಹೋಗೂಣು ನಡೀರಿ ಅಂದೆ. ಒಬ್ಬರೂ ಚಪ್ಪಲಿ ಮೆಟ್ಟಲಿಲ್ಲ.

ಸುದ್ದಿ ನನ್ನ ಚೀರಾಟದಕಿಂತಾ ಜೋರಾಗಿ ಹೋತು. ಅಳಿಯ ಗಾಡಿ ಮಾಡಿಕೊಂಡು ಬಂದ. "ಗಂಟು ಕಟ್ರಿ. ಮಾನ ಹೋತು. ಮುಂದಿನ ತಿಂಗಳ ಮದುವಿ."

"ಮಾನ ಯಾರದು ಹೋತಪಾ?" ಅಂದೆ. "ಅವತ್ತು ಬಚ್ಚಲದಾಗ ಇದ್ದಾಕಿ ನಾನು. ಮದುವಿ ಮಾಡೂದಿದ್ರ ನನಗ ಮಾಡು. ಹುಡುಗ ತಯಾರ ಅದಾನಲ್ಲ, ಕರಿ."

ಅಳಿಯ ಖಾಲಿ ಗಾಡಿ ಹತ್ತಿ ಹೋದ. ಮೊಮ್ಮಗಳ ಓದು ಉಳೀತು. ಈಗ ನವಲಗುಂದದಾಗ ನರ್ಸ್ ಅದಾಳ. ಆಕಿ ದನಿ ವಾರ್ಡಿನ ಆ ತುದಿ ತನಕಾ ಕೇಳತೈತಂತ.

ಮಾಲಕ ಹತ್ತು ದಿನ ಮಾರಿ ತೋರಿಸಲಿಲ್ಲ, ಆಮ್ಯಾಲ ತೋರಿಸಿದ. ಖೋಲಿಗೋಳಿಗೆ ಹೊಸಾ ಬಣ್ಣ ಹಚ್ಚಿ ಬೋರ್ಡ್ ಹಾಕ್ಯಾನ: "ಓದುವ ಹುಡುಗಿಯರಿಗೆ ರೂಮು ಇದೆ. ನಾಯಿಗೆ ಪ್ರವೇಶವಿಲ್ಲ." ಅವನ ಅವ್ವಗ ಇವತ್ತಿಗೂ ಏನೂ ಗೊತ್ತಿಲ್ಲ. ನಾವು ಬ್ಯಾರೆ ಕಡೆ ಖೋಲಿ ಹಿಡದು ಖಾಲಿ ಮಾಡೂ ದಿನ ಬಾಗಲಕ್ಕ ಬಂದು, "ಯಾಕ ಹೊಂಟ್ರಿ ಯವ್ವಾ? ನಾಯಿ ಗದ್ದಲ ಮಾಡತಿತ್ತೇನು?" ಅಂತ ಕೇಳಿದಳು. ಹೌದ್ರಿ ಅಂತ ಗೋಣು ಹಾಕಿ ಬಂದೆ.

ಯರಗುಪ್ಪಿ ಹುಡುಗಿ ಅಪ್ಪ ಗಾಡಿ ತಂದಿರಲಿಲ್ಲ, ಬಸ್ಸಿಗೆ ಬಂದಿದ್ದ. ಕಿಂಡಿಯಾಗ ಮೊದಲ ಕಣ್ಣು ಕಂಡಾಕಿ ಆಕಿ ಅಂತ ಅವಂಗ ಯಾರೋ ಹೇಳಿಬಿಟ್ಟಿದ್ರು. ನಾನು ಎಷ್ಟು ಬಡಕೊಂಡ್ರೂ ಕೇಳಲಿಲ್ಲ. ಆಕಿ ಚೀಲಾ ಹಿಡಕೊಂಡು, ಸಪ್ಪಳ ಇಲ್ಲದ ಹೋದಳು. ಈಗ ಮದುವಿ ಆಗೈತಿ, ಒಂದು ಕೂಸು ಐತಿ. ನಾ ಅವತ್ತು ಚೀರದಿದ್ರ ಆಕಿ ಓದು ಉಳೀತಿತ್ತೇನೋ ಅಂತ ರೊಟ್ಟಿ ಬಡಿಯೂವಾಗ ಒಮ್ಮೊಮ್ಮೆ ಕೈ ನಿಂದರತೈತಿ. ಚೀರದಿದ್ರ ಆ ಕಣ್ಣು ಅಲ್ಲೇ ಇರತಿದ್ದವು, ಅದೂ ಖರೇನ.

ಹೋದ ವಾರ ಆಕಿ ಫೋನ್ ಮಾಡಿದ್ದಳು. ಮತ್ತ ಅದ ಪಿಸುಮಾತು. ಅತ್ತಿ ಒಳಗ ಮಲಗಿದ್ದಳಂತ. "ಆಯಿ, ಮುಧೋಳ ಹೆಂಗೈತ್ರಿ? ಈಗೂ ಬೊಗಳತೈತಿ? ಒಂದ ಸಲ ಕೇಳಸ್ರೆಲಾ."

ಫೋನ್ ಒಯ್ದು ನಾಯಿ ಬಾಯಿಗೆ ಹಿಡದೆ. ಇಡೀ ದಿನ ಬೊಗಳೂ ಭಾಡ್ಯಾ, ಅದೊಂದು ಹೊತ್ತು ಬಾಲ ಆಡಿಸಿಕೋತ ಸುಮ್ಮನ ಕುಂತಿತು. ಆ ಕಡೆ ಹುಡುಗಿ ಕಾಯಾಕತ್ತಿದ್ದಳು.

ಏನು ಮಾಡಲಿ? ಬಾಜೂದಾಗ ಯಾರೂ ಇಲ್ಲದ್ದು ನೋಡಿಕೊಂಡು ನಾನ ಬೊಗಳಿದೆ. ಮೂರು ಸಲ, ಗಂಟಲಾ ಬಿಚ್ಚಿ.

ಆಕಿಗೆ ಗೊತ್ತಾತೋ ಇಲ್ಲೋ, ನಕ್ಕಳು. ಜೋರಾಗಿ ನಕ್ಕಳು. ಒಳಗಿನ ಅತ್ತಿಗೆ ಎಚ್ಚರಾಗಿ "ಯಾರ ಅದು?" ಅಂದದ್ದು ನನಗ ಇಲ್ಲಿ ತನಕಾ ಕೇಳಿಸಿತು.