ಖಾಸಬಾಗದ ಕಾಕಾ ಮತ್ತು ಅವರ ಮಾಸ್ಟರ್ ಟೇಪು

ಹಾಡುವವರು ಇದ್ದಲ್ಲಿ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ. ಆ ಹಾಡನ್ನು ಟೇಪಿಗೆ ಇಳಿಸುವ ಕಡೆಯಂತೂ ಕೇಳುವುದೇ ಬೇಡ. ನಾನು ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದದ್ದು ಖಾಸಬಾಗದ ಕಾಕಾ ಅವರ ಸ್ಟುಡಿಯೋದಲ್ಲಿ. ಮುಂಬೈಯಲ್ಲಿ ವರ್ಷಾನುಗಟ್ಟಲೆ ರೆಕಾರ್ಡ್ ತಟ್ಟೆಗೆ ಹಾಡಿನ ಗೆರೆ ಕೊರೆದ ಮನುಷ್ಯ. ಎಪ್ಪತ್ತರ ದಶಕದ ಕೊನೆಗೆ ಊರಿಗೆ ಮರಳಿ ಕ್ಯಾಸೆಟ್ಟುಗಳಿಗೆ ಮೂಲವಾಗುವ ಮಾಸ್ಟರ್ ಟೇಪು ಮಾಡತೊಡಗಿದ್ದರು. ಯಾವ ಸದ್ದು ಏರಬೇಕು, ಯಾವುದು ಇಳಿಯಬೇಕು ಎಂಬ ಕೊನೆಯ ತೀರ್ಪು ಅವರದೇ.

ತಾಳದವರು

ಸಾಂಬ್ರಾದ ಭಜನಾ ಮಂಡಳಿ ಬಂದಿತ್ತು. ಟೇಪು ಕೇಳಿದ್ದೇ ತಡ, ತಾಳ ಬಾರಿಸಿದವರೆಲ್ಲ "ನಂದ ಕೇಳವಲ್ದು!" ಎಂದು ಶುರು ಮಾಡಿದರು. ಮಂಡಳಿಯೇ ಒಡೆಯುವ ಹಾಗಾಯಿತು. ಕಾಕಾ ಒಬ್ಬೊಬ್ಬರನ್ನೇ ಬಾಜೂಕ ಕರೆದು ಕಿವಿಯಲ್ಲಿ ಹೇಳಿದರು:

"ಉಳದವ್ರದ್ದು ಇಳಿಸಿ ನಿಮ್ಮದಷ್ಟ ಏರಿಸೇನಿ. ಯಾರ ಮುಂದೂ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೋತಾರ."

ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ. ಅದೇ ಟೇಪು ಮತ್ತೆ ಹಚ್ಚಿದರು. ಎಲ್ಲರೂ ತಲೆದೂಗಿದರು, ಒಬ್ಬರನ್ನೊಬ್ಬರು "ಅಯ್ಯೋ ಪಾಪ" ಎನ್ನುವಂತೆ ನೋಡುತ್ತ.

ಖಾನಾಪುರದ ಚಾದಂಗಡಿ

"ನನ್ನ ಸ್ಪೀಕರಿನಾಗ ಚಂದ ಕೇಳಿದ್ರ ಏನ್ ಬಂತು? ಮಂದಿ ಕೇಳೂದು ಹರಕ ಸ್ಪೀಕರಿನಾಗ" ಎನ್ನುತ್ತಿದ್ದರು ಕಾಕಾ. ಅದಕ್ಕೇ ಟೇಪು ಮುಗಿದ ಮೇಲೆ ಒಂದು ಪ್ರತಿ ಹಿಡಿದು ಬಸ್ಸು ಹತ್ತಿ ಖಾನಾಪುರದ ಒಂದು ಚಾದಂಗಡಿಗೆ ಹೋಗುವುದು. ಅಲ್ಲಿಯ ಸ್ಪೀಕರಿನಷ್ಟು ಕೆಟ್ಟದ್ದು ಜಿಲ್ಲೆಯಲ್ಲೇ ಇರಲಿಲ್ಲ. ಒಮ್ಮೆ ವಚನದ ಟೇಪು ಹಚ್ಚಿದಾಗ ಆ ಸ್ಪೀಕರಿನಲ್ಲೂ ತಂಬೂರಿ ಎಳೆಎಳೆಯಾಗಿ ಕೇಳಿಸಿತು. ಕಾಕಾ ಗೆದ್ದವರಂತೆ ಕೂತಿದ್ದರು. ಅಂಗಡಿಯವನು ಕೈಮುಗಿದು ಬಂದ.

"ಸಾಹೇಬ್ರ, ಹಾಡು ಏಕದಂ ಮಸ್ತ್ ಐತ್ರಿ. ಆದ್ರ, ಗಿರಾಕಿ ಚಾ ಕುಡದ್ರೂ ಏಳವಲ್ರು. ಒಂಚೂರು ಕೆಡಿಸ್ಕೊಂಡ ಬರ್ರಿ!"

ಕೆಮ್ಮು

ನಮ್ಮೂರಿನ ಸದಾಶಿವನಗರದ ವಕೀಲರೊಬ್ಬರು ತಮ್ಮ ತಾಯಿಯಿಂದ ಬೀಸುಕಲ್ಲಿನ ಪದಗಳನ್ನು ಹಾಡಿಸಿ ಟೇಪು ಮಾಡಿಸಿದ್ದರು. ಪೇಟಿ ಹಿಡಿದು ಅದೇ ಮೈಕಿನ ಮುಂದೆ ಕೂತು ಶ್ರುತಿ ಕೊಟ್ಟವನು ನಾನು. ಮುದುಕಿಗೆ ಸಾಲು ಸಾಲಿಗೂ ಕೆಮ್ಮು. ಟೇಪು ತಯಾರಾಗುವಷ್ಟರಲ್ಲಿ ಆಕೆ ತೀರಿಕೊಂಡರು. ಕಾಕಾ ಬ್ಲೇಡು ಹಿಡಿದು ಒಂದೊಂದೇ ಕೆಮ್ಮು ಕತ್ತರಿಸಿ ತೆಗೆದು, ಜೋಡಿಸಿದ್ದು ಎಲ್ಲೂ ತಿಳಿಯದಂತೆ ಅಂಟಿಸಿದರು.

ವಕೀಲರು ಕೇಳಿ ಮಂಕಾದರು. "ಭಾಳ ಚಲೋ ಆಗೇತ್ರಿ ಕಾಕಾ. ಆದ್ರ ಇದರಾಗ ನಮ್ಮವ್ವ ಇಲ್ಲ. ಆಕಿ ಕೆಮ್ಮು ಎಲ್ಲಿ?"

ವಕೀಲರು ಹೋದ ಮೇಲೆ ಕಾಕಾ ಕಸದ ಬುಟ್ಟಿ ಸುರುವಿದರು. ಇಬ್ಬರೂ ನೆಲದ ಮೇಲೆ ಕೂತು ಟೇಪಿನ ತುಣುಕು ಆರಿಸಿದೆವು. ಒಂದೊಂದನ್ನೂ ಕೇಳಿ, ಅದರ ಸಾಲು ಹುಡುಕಿ ಅವರು ಮತ್ತೆ ಅಂಟಿಸಿದರು.

ವಕೀಲರು ಮತ್ತೆ ಬಂದು ಕೂತರು. ಮೊದಲ ಕೆಮ್ಮಿಗೆ ಕಣ್ಣು ತುಂಬಿಕೊಂಡವು. ಎರಡನೆಯದಕ್ಕೆ ಬಿಕ್ಕಿ ಬಿಕ್ಕಿ ಅತ್ತರು.

"ಹಾಂ! ಈಗ ಬಂದ್ಲು ನೋಡ್ರಿ ನಮ್ಮವ್ವ! ಖರೇ ಖರೇ ನಮ್ಮವ್ವ!"

ಕಾಕಾ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆ ಎರಡನೆಯ ಕೆಮ್ಮು ನನ್ನದು.