ಎಕಂಬಾ ರೈಲು ಮತ್ತು ಅತ್ತೆಯ ಮಂಚ

ಯಾವ ವಸ್ತುವಿಗೂ ಅಂಗಡಿಯವನು ಮೊದಲು ಹೇಳುವುದು ಬೆಲೆಯೇ ಅಲ್ಲ. ನಾವು ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಹಿಂದಿನಿಂದ ಕೂಗುತ್ತಾನಲ್ಲ, ಅದು ಬೆಲೆ. ಬೀದರ ಪಕ್ಕದ ಕೊಳಾರದ ಕಾರ್ಖಾನೆಗಳ ಖಾಲಿ ಡ್ರಮ್ಮು ಕೊಂಡು ಮಾರಿ ಬೀದರಿನ ಚಿದ್ರಿಯಲ್ಲಿ ಮನೆ ಕಟ್ಟಿದ ನಾನು ಈ ಉಪದೇಶವನ್ನು ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಕೊಡುತ್ತ ಬಂದಿದ್ದೇನೆ. ಈಗ ಕೊಡುವ ಧೈರ್ಯ ಉಳಿದಿಲ್ಲ. ಕಾರಣ, ಒಂದು ರೈಲು.

ನಿಜವಾದ ರೈಲಲ್ಲ, ಗೇಣುದ್ದದ್ದು. ಬೀದರಿನಿಂದ ಭಾಲ್ಕಿಯವರೆಗಿನ ರೈಲುದಾರಿಯನ್ನು ಇದ್ದದ್ದು ಇದ್ದ ಹಾಗೆ ಮನೆಯೊಳಗೆ ಕಟ್ಟುವ ಹುಚ್ಚು ನನ್ನದು. ಭಾಲ್ಕಿ ಸ್ಟೇಷನ್ನಿನ ಗೋಡೆಗೆ ಹಗ್ಗ ಹಿಡಿದು ಅಳೆಯುವಾಗ ಚಹಾದವನು, "ಏನ್ ಸಾವ್ಕಾರ, ಸ್ಟೇಷನ್ ಖರೀದಿ ಮಾಡಾಕ ಬಂದೀರೇನು?" ಎಂದು ನಕ್ಕಿದ್ದ. ಹೊರಗೆ ಮರದಡಿ ಮಲಗಿದ್ದ ಕುಂಟ ನಾಯಿಯನ್ನೂ ಬಿಡದೆ ಜೇಡಿಮಣ್ಣಿನಲ್ಲಿ ಮಾಡಿ ಮಲಗಿಸಿದೆ. ನನ್ನ ನಿಯಮ ಒಂದೇ: ಅಸಲಿನಲ್ಲಿ ಇಲ್ಲದ್ದು ನನ್ನಲ್ಲೂ ಇರಕೂಡದು. ಜಾಗಕ್ಕೂ ಖರ್ಚು ಮಾಡಲಿಲ್ಲ. ಮದುವೆಯಲ್ಲಿ ಅತ್ತೆ ಮನೆಯವರು ಕೊಟ್ಟ ಸಾಗವಾನಿ ಮಂಚವಿತ್ತು. ಗಂಡ ಹೆಂಡತಿ ನೆಲಕ್ಕಿಳಿದೆವು, ರೈಲು ಮಂಚ ಏರಿತು.

ಹೋದ ವಾರ ಔರಾದ್ ತಾಲೂಕಿನ ಎಕಂಬಾದಿಂದ ಅತ್ತೆ ಬಂದರು. ಎರಡು ಬಸ್ಸು ಬದಲಿಸಿ, ಮೊಣಕಾಲು ಹಿಡಿದುಕೊಂಡು ಬಂದವರು ಒರಗಲು ಮಂಚ ನೋಡಿದರೆ ಅದರ ಮೇಲೆ ಭಾಲ್ಕಿ ಮಲಗಿತ್ತು.

"ಇದರಾಗ ನಮ್ಮೂರು ಎಲ್ಲಿ ಅದರಿ?"

"ಎಕಂಬಾಕ್ಕ ರೈಲಿಲ್ಲಲ್ಲ, ಅತ್ತಿ."

"ಇಲ್ಲಂತ ನನಗೂ ಗೊತ್ತದ. ಅದಕ್ಕೇ ಕೇಳ್ತೇನಿ."

ನಿಯಮ ವಿವರಿಸಿದೆ. ಅತ್ತೆ ಮಂಚದ ಕಾಲು ತಟ್ಟಿದರು. "ಬೀದರ ನಿಮ್ಮದು, ಭಾಲ್ಕಿ ನಿಮ್ಮದು. ಕೆಳಗಿನ ಜಮೀನು ಎಕಂಬಾದ್ದು. ನಮ್ಮೂರಿಗಿ ಗಾಡಿ ಬರಂಗಿಲ್ಲಂದ್ರ ಮಂಚ ಟೆಂಪೋದಾಗ ಹಾಕ್ರಿ, ಒಯ್ತೇನಿ."

ಚೌಕಾಶಿಗಿಳಿದೆ. ಊರಿನ ಹೆಸರಿನದೊಂದು ಬೋರ್ಡು ನೆಡುತ್ತೇನೆ, ಸಾಕಲ್ಲ ಎಂದೆ. ಅತ್ತೆ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ನಾಲ್ಕು ಹೆಜ್ಜೆ ನಡೆದರು. ಹಿಂದಿನಿಂದ ಕೂಗಿದವನು ನಾನು: "ಸ್ಟೇಷನ್ನೇ ಕಟ್ತೇನಿ, ಬರ್ರಿ ಅತ್ತಿ!"

ಮಂಚದಲ್ಲಿ ಜಾಗವಿರಲಿಲ್ಲ. ಪಕ್ಕದ ಹೊಲಿಗೆ ಮಿಷನ್ನಿನ ಮೇಲೆ ಎಕಂಬಾ ಸ್ಟೇಷನ್ ಎದ್ದಿತು. ಊರಿನ ಕುರಿಗಳಿಗೂ ನೆರಳು ಬೇಕೆಂದು ಅತ್ತೆ ಹಟ ಹಿಡಿದದ್ದರಿಂದ ಬೀದರಿಗಿಂತ ದೊಡ್ಡ ಚಪ್ಪರ. ಮಂಚದ ಬೀದರ ತುದಿಯಿಂದ ಮಿಷನ್ನಿಗೆ ಹಲಗೆಯ ಏರು, ಏರಿನ ಅರ್ಧಕ್ಕೆ ಔರಾದ್. ಗಾಡಿ ಬಿಟ್ಟೆ. ಔರಾದಿನವರೆಗೆ ಹತ್ತಿತು, ಚಕ್ರ ಗಿರಗಿರ ತಿರುಗಿಸಿತು, ಜಾರಿ ಬಂದು ಬೀದರಿನಲ್ಲಿ ನಿಂತಿತು. ಮತ್ತೆ ಬಿಟ್ಟೆ. ಮತ್ತೆ ಬೀದರ. ಹೈದರಾಬಾದಿನ ಅಂಗಡಿಯವನು ಏರು ಹತ್ತುವ ಎಂಜಿನ್ ತೋರಿಸಿದಾಗ ಬೆಲೆ ಕೇಳಿ ಮೆಟ್ಟಿಲಿಳಿದವನು ನಾನೇ. ಅವನು ಹಿಂದಿನಿಂದ ಕೂಗಿ ಅಗ್ಗಕ್ಕೆ ಕೊಟ್ಟದ್ದು ಈ ಎಂಜಿನ್.

"ಅಸಲಿ ಇದ್ದಂಗೇ ಇರಬೇಕು ಅಂತಿದ್ರಲ್ಲ," ಹೆಂಡತಿ ಬಾಗಿಲಿಗೊರಗಿ ಅಂದಳು. "ಬರಾಬರ್ ಆಗ್ಯಾದ ಬಿಡ್ರಿ."

ಅತ್ತೆ ನಗಲಿಲ್ಲ. ಖಾಲಿ ಸ್ಟೇಷನ್ನನ್ನೇ ನೋಡುತ್ತ, "ನಮ್ಮೂರಿಗಿ ಎಂದು ಮುಟ್ತದರಿ?" ಎಂದರು.

ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು: "ಸರ್ವೇ ನಡದದ, ಅತ್ತಿ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸಣ್ಣಾಕಿ ಇದ್ದಾಗಿಂದ ಈ ಮಾತು ಕೇಳ್ಕೋತ ಬಂದೇನಿ. ಹೇಳಾವ ಯಾರಂತ ಇವತ್ತ ಗೊತ್ತಾತು."

ನಾಳೆ ಮಂಚ ಒಯ್ಯಲು ಟೆಂಪೋ ಬರುತ್ತದೆ. ಬಾಡಿಗೆ ನಾನೇ ಕುದುರಿಸಿ ಕೊಡಬೇಕಂತೆ. ಆ ವಿದ್ಯೆಯಲ್ಲಿ ಅಳಿಯನಷ್ಟು ಗಟ್ಟಿಗರು ಬೇರೆ ಯಾರೂ ಇಲ್ಲವಂತೆ.